ಜೆಟ್ ಎಂಜಿನ್ ಮಾಡುವ ಕಡೆ ಹೋಗಬೇಕು, ಏನು ಕಲಿಯಲಿ? ಮೈಸೂರು, ಮಂಡ್ಯದವರು ದಯವಿಟ್ಟು ಹೇಳಿ

ಮದ್ದೂರು ಮೆಕ್ಯಾನಿಕಲ್ | ಶನಿವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ ಓದುತ್ತಿದ್ದೇನೆ. ಊರು ಮದ್ದೂರು ಹತ್ತಿರ. ಅಪ್ಪನಿಗೆ ಎರಡು ಎಕರೆ ಕಬ್ಬು, ಪಕ್ಕದಲ್ಲೇ ದೊಡ್ಡಪ್ಪನ ಆಲೆಮನೆ.

ನನಗೆ ವಿಮಾನದ ಎಂಜಿನ್ ಮಾಡುವ ಕೆಲಸಕ್ಕೆ ಹೋಗಬೇಕು ಅಂತ ಆಸೆ. ರಿಪೇರಿ ಅಲ್ಲ, ಹೊಸದಾಗಿ ಮಾಡುವುದು. ಹೀಗೆ ಹೇಳಿದರೆ ಕ್ಲಾಸಿನವರು "ಏರೋನಾಟಿಕಲ್ ತಗೊಳ್ಳಬೇಕಿತ್ತು, ಈಗ ಲೇಟಾಯ್ತು" ಅನ್ನುತ್ತಾರೆ. ಮನೆಯಲ್ಲಿ ಯಾವುದಾದರೂ ಸಾಫ್ಟ್‌ವೇರ್ ಕೆಲಸ ಸಿಕ್ಕರೆ ಸಾಕು ಅನ್ನುತ್ತಾರೆ.

ಎರಡು ಪ್ರಶ್ನೆ ಇದೆ. ಒಂದು, ಹೊಸ ಎಂಜಿನ್ ಮಾಡುವುದಕ್ಕೆ ನಿಜವಾಗಿ ಎಂಥ ವಿದ್ಯೆ ಬೇಕು? ಇನ್ನೊಂದು, ನಮ್ಮ ಹೊಳೆಯ ಹೆಸರಿಟ್ಟ ಕಾವೇರಿ ಎಂಜಿನ್ ಯಾಕೆ ನಮ್ಮ ದೇಶದ್ದೇ ಆದ ತೇಜಸ್ ಯುದ್ಧವಿಮಾನದ ಒಳಗೆ ಕೂರಲಿಲ್ಲ? ನೆಟ್‌ನಲ್ಲಿ ಓದಿದರೆ ಬರೀ ಬೈಗುಳ ಸಿಗುತ್ತದೆ. ಎಲ್ಲಿ ಸಿಕ್ಕಿಕೊಂಡಿತು ಅಂತ ಯಾರೂ ಹೇಳುವುದಿಲ್ಲ.

ಕುವೆಂಪುನಗರ ನಿವೃತ್ತ | ಶನಿವಾರ ರಾತ್ರಿ 10:45

ನೋಡಮ್ಮಾ, ಮೊದಲು ಒಂದು ಮಾತು. ಲೇಟಾಗಿಲ್ಲ. ನಾನು ಬೆಂಗಳೂರಿನಲ್ಲಿ ಮೂವತ್ತೊಂದು ವರ್ಷ ಎಂಜಿನ್ ಕೆಲಸವನ್ನೇ ಮಾಡಿದೆ. ನಮ್ಮ ಗುಂಪಿನಲ್ಲಿ ಏರೋನಾಟಿಕಲ್ ಓದಿದವರು ಕಡಿಮೆ. ಮೆಕ್ಯಾನಿಕಲ್, ಮೆಟಲರ್ಜಿ, ಎಲೆಕ್ಟ್ರಾನಿಕ್ಸ್, ಕೆಮಿಸ್ಟ್ರಿ ಓದಿದವರೇ ಜಾಸ್ತಿ. ಐಟಿಐ ಮಾಡಿ ಬಂದ ಇಬ್ಬರು ಇದ್ದರು. ಅವರ ಕೈಗೆ ನಾವೆಲ್ಲ ಗೌರವ ಕೊಡುತ್ತಿದ್ದೆವು.

ನಿನ್ನ ಮೊದಲ ಪ್ರಶ್ನೆಗೆ ಒಂದೇ ಒಂದು ಭಾಗ ಹಿಡಿದು ಉತ್ತರ ಹೇಳುತ್ತೇನೆ. ಟರ್ಬೈನ್ ಚಕ್ರದ ಮೊದಲ ಸಾಲಿನ ಬ್ಲೇಡು, ಅಂದರೆ ರೆಕ್ಕೆ. ಫೈಟರ್ ಎಂಜಿನ್ನಿನದಾದರೆ ಅಂಗೈಯಲ್ಲಿ ಹಿಡಿಯುವಷ್ಟೇ ಇರುತ್ತದೆ.

ಎಂಜಿನ್ ಮುಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹಿಂದಕ್ಕೆ ತಳ್ಳುತ್ತದೆ. ಅಲ್ಲಿ ಇಂಧನ ಸೇರಿ ಉರಿಯುತ್ತದೆ. ಆ ಬೆಂಕಿಗಾಳಿ ಟರ್ಬೈನನ್ನು ತಿರುಗಿಸಿ ಹಿಂದೆ ನುಗ್ಗುತ್ತದೆ. ಇಷ್ಟು ನಿನಗೆ ಕಾಲೇಜಿನಲ್ಲೇ ಹೇಳಿರುತ್ತಾರೆ. ಹೇಳದೆ ಉಳಿಯುವುದು ಇದು: ಇವತ್ತಿನ ಫೈಟರ್ ಎಂಜಿನ್ನಿನಲ್ಲಿ ಆ ಬೆಂಕಿಗಾಳಿಯ ಬಿಸಿ 1500 ಡಿಗ್ರಿ ದಾಟುತ್ತದೆ. ಬ್ಲೇಡು ಮಾಡಿದ ನಿಕ್ಕಲ್ ಲೋಹ 1350 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಅಂದರೆ ಬ್ಲೇಡು ತಾನು ಕರಗುವ ಬಿಸಿಗಿಂತ ಹೆಚ್ಚು ಬಿಸಿಯಲ್ಲಿ ನಿಂತಿರುತ್ತದೆ. ಸುಮ್ನೆ ನಿಂತಿರುವುದೂ ಅಲ್ಲ. ನಿಮಿಷಕ್ಕೆ ಹದಿನೈದು ಸಾವಿರ ಸುತ್ತಿನ ಹತ್ತಿರ ತಿರುಗುತ್ತದೆ. ಆ ರಭಸಕ್ಕೆ ಒಂದೊಂದು ಬ್ಲೇಡನ್ನೂ ಟನ್‌ಗಟ್ಟಲೆ ಬಲ ಹೊರಕ್ಕೆ ಜಗ್ಗುತ್ತದೆ.

ಹಾಗಾದರೆ ಯಾಕೆ ಕರಗುವುದಿಲ್ಲ? ನಿಮ್ಮ ದೊಡ್ಡಪ್ಪನ ಆಲೆಮನೆಯ ಕೊಪ್ಪರಿಗೆ ನೆನಪಿಸಿಕೋ. ಕೆಳಗೆ ಬೆಂಕಿ ಧಗಧಗ ಉರಿಯುತ್ತಿದ್ದರೂ ಒಳಗೆ ಕಬ್ಬಿನ ಹಾಲು ಇರುವವರೆಗೆ ಕೊಪ್ಪರಿಗೆ ಕೆಂಪಗಾಗುವುದಿಲ್ಲ. ಬಿಸಿಯನ್ನು ಹಾಲು ಎಳೆದುಕೊಳ್ಳುತ್ತದೆ. ಬ್ಲೇಡಿನ ಒಳಗೂ ಹಾಗೇ ಸಣ್ಣ ಸಣ್ಣ ಕಾಲುವೆಗಳಿವೆ. ಕಂಪ್ರೆಸರಿನಿಂದ ಕದ್ದ ಗಾಳಿ ಅದರೊಳಗೆ ಹರಿಯುತ್ತದೆ. ಆ "ತಂಪು" ಗಾಳಿಯೇ ಸುಮಾರು 600 ಡಿಗ್ರಿ ಇರುತ್ತದೆ ಅಂದರೆ ಬೆಂಕಿಯ ಜೋರು ಎಷ್ಟಿರಬೇಕು! ಅದು ಬ್ಲೇಡಿನ ಮೈಮೇಲಿನ ಕೂದಲೆಳೆಯಂಥ ತೂತುಗಳಿಂದ ಹೊರಬಂದು ಒಂದು ತೆಳು ಪರದೆಯಾಗಿ ಹೊದ್ದುಕೊಳ್ಳುತ್ತದೆ. ಅದರ ಕೆಳಗೆ ಜಿರ್ಕೋನಿಯಾ ಅನ್ನುವ ಪಿಂಗಾಣಿಯ ಲೇಪ. ಮಿಲಿಮೀಟರಿಗಿಂತ ತುಂಬಾ ಕಡಿಮೆ ದಪ್ಪ. ಬ್ಲೇಡನ್ನು ಬದುಕಿಸುವುದು ಈ ಪರದೆ, ಈ ಲೇಪ, ಒಳಗಿನ ಕಾಲುವೆ.

ಈಗ ಈ ಒಂದು ಬ್ಲೇಡಿಗೆ ಯಾರ್ಯಾರು ಬೇಕು ನೋಡು. ಲೋಹ ಬೆರೆಸುವವರು, ಎರಕ ಹುಯ್ಯುವವರು, ಲೇಪ ಹಚ್ಚುವವರು. ಗಾಳಿ ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕುವವರು, ತೂತು ಕೊರೆಯುವವರು, ಎಕ್ಸ್‌ರೇ ತೆಗೆದು ನೋಡುವವರು. ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಎಲ್ಲರೂ ಒಂದೇ ಸೂರಿನ ಕೆಳಗೆ ಹತ್ತಾರು ವರ್ಷ ಕೂರಬೇಕು.

ಎರಕದ ಮಾತು ಬಂತು. ಈ ಬ್ಲೇಡು ಹುಟ್ಟುವುದು ನಾಗಮಂಗಲದ ಉತ್ಸವಮೂರ್ತಿ ಹುಟ್ಟುವ ಹಾಗೆಯೇ. ಮೊದಲು ಮೇಣದಲ್ಲಿ ಮಾಡಿ, ಮೇಲೆ ಪಿಂಗಾಣಿ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಹುಯ್ಯುತ್ತಾರೆ. ನಿಮ್ಮ ಜಿಲ್ಲೆಯದೇ ವಿದ್ಯೆ ಅಮ್ಮಾ ಅದು.

ನಾಗಮಂಗಲ ಎರಕದ ಮನೆ | ಭಾನುವಾರ ಬೆಳಿಗ್ಗೆ 6:30

ಯಜಮಾನರೇ, ನಮಸ್ಕಾರ. ನಮ್ಮದು ಇದೇ ಕಸುಬು. ಅಪ್ಪ, ತಾತ ಎಲ್ಲರದ್ದೂ ಇದೇ. ವಿಮಾನದ ಎಂಜಿನ್ನಿಗೂ ಮೇಣದೆರಕ ಅಂತ ಓದಿ ರಾತ್ರಿ ನಿದ್ದೆ ಬರಲಿಲ್ಲ.

ನಾವು ಜೇನುಮೇಣಕ್ಕೆ ರಾಳ ಬೆರೆಸಿ ಮೂರ್ತಿ ತಿದ್ದುತ್ತೇವೆ. ಮೊದಲ ಲೇಪಕ್ಕೆ ಹುತ್ತದ ಮಣ್ಣನ್ನು ನುಣ್ಣಗೆ ಅರೆದು ಸೋಸಿಕೊಳ್ಳುತ್ತೇವೆ. ಮೂರ್ತಿಯ ಕಣ್ಣು, ಮೂಗು ನಿಲ್ಲುವುದು ಆ ಮೊದಲ ಲೇಪದ ಮೇಲೆ. ಟೊಳ್ಳು ಮೂರ್ತಿಗೆ ಒಳಗೆ ಮಣ್ಣಿನ ತಿರುಳು ಇಡುತ್ತೇವೆ. ಮೇಣ ಹೋದಮೇಲೆ ಆ ತಿರುಳು ಅಲುಗಾಡಬಾರದು ಅಂತ ಮೊಳೆ ಚುಚ್ಚಿ ಹಿಡಿಸುತ್ತೇವೆ. ಸ್ವಲ್ಪ ಸರಿದರೂ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮೂರ್ತಿ ಕೆಟ್ಟಿತು ಅಂತಲೇ.

ನನ್ನ ಪ್ರಶ್ನೆ: ಬ್ಲೇಡಿನೊಳಗೆ ಅಷ್ಟು ಸಣ್ಣ ಕಾಲುವೆ ಅಂದಿರಲ್ಲ, ಅದಕ್ಕೆ ತಿರುಳು ಹೇಗೆ ಇಡುತ್ತಾರೆ? ಆಮೇಲೆ ಅದನ್ನು ಹೇಗೆ ತೆಗೆಯುತ್ತಾರೆ? ನಮ್ಮದನ್ನು ಕೆರೆದು ತೆಗೆಯಬಹುದು. ಅಲ್ಲಿ ಕೈಯೇ ಹೋಗುವುದಿಲ್ಲವಲ್ಲ.

ಕುವೆಂಪುನಗರ ನಿವೃತ್ತ | ಭಾನುವಾರ ಬೆಳಿಗ್ಗೆ 8:05

ಸ್ವಾಮಿ, ನೀವು ಕೇಳಿದ ಪ್ರಶ್ನೆಯೇ ಆ ಕಾರ್ಖಾನೆಗಳ ದೊಡ್ಡ ತಲೆನೋವು. ಅಲ್ಲೂ ತಿರುಳು ಸರಿಯುತ್ತದೆ. ಅಲ್ಲೂ ಒಂದು ಗೋಡೆ ತೆಳುವಾಗಿ ಬ್ಲೇಡು ಕೆಡುತ್ತದೆ. ತಿರುಳು ಸಿಲಿಕಾ ಪಿಂಗಾಣಿಯದ್ದು. ಅದನ್ನು ಹಿಡಿದಿಡಲು ಅವರೂ ಮೊಳೆಯನ್ನೇ ಚುಚ್ಚುತ್ತಾರೆ, ಆದರೆ ಪ್ಲಾಟಿನಂ ಮೊಳೆ. ಎರಕ ಆದಮೇಲೆ ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಇಟ್ಟು ತಿರುಳನ್ನು ಕರಗಿಸಿ ಹೊರಹಾಕುತ್ತಾರೆ. ಲೋಹಕ್ಕೆ ಏನೂ ಆಗುವುದಿಲ್ಲ.

ಇನ್ನೊಂದು ವಿಷಯ ನಿಮಗೆ ಹಿಡಿಸುತ್ತದೆ. ನಿಮ್ಮ ಹಿತ್ತಾಳೆಯನ್ನು ಮುರಿದು ನೋಡಿದರೆ ಒಳಗೆ ಸಕ್ಕರೆ ಹರಳಿನ ಹಾಗೆ ಕಣಕಣ ಕಾಣುತ್ತದೆ, ಅಲ್ವಾ? ಎಲ್ಲ ಲೋಹವೂ ಹಾಗೇ. ಬಿಸಿಯಲ್ಲಿ ಜಗ್ಗಿದರೆ ಆ ಕಣಗಳ ನಡುವಿನ ಸಂದಿಯಲ್ಲೇ ಬಿರುಕು ಶುರುವಾಗುತ್ತದೆ. ಒಣಗಲು ಬಟ್ಟೆ ಹಾಕುವ ಹಗ್ಗ ದಿನ ಕಳೆದಂತೆ ಜೋಲುಬೀಳುವ ಹಾಗೆ ಬ್ಲೇಡೂ ನಿಧಾನವಾಗಿ ಉದ್ದ ಆಗುತ್ತದೆ. ಅದಕ್ಕೇ ಇಡೀ ಬ್ಲೇಡನ್ನು ಸಂದಿಯೇ ಇಲ್ಲದ ಒಂದೇ ಹರಳಾಗಿ ಬೆಳೆಸುತ್ತಾರೆ. ಅಚ್ಚನ್ನು ಕುಲುಮೆಯಿಂದ ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಕೆಳಕ್ಕೆ ಇಳಿಸುತ್ತಾರೆ. ಅಚ್ಚಿನ ಬುಡದಲ್ಲಿ ಹಂದಿಯ ಬಾಲದಂಥ ಒಂದು ಸುರುಳಿ ದಾರಿ ಇರುತ್ತದೆ. ಹಲವು ಹರಳು ಬೆಳೆಯಲು ಶುರುಮಾಡಿದರೂ ಆ ಸುರುಳಿ ದಾಟಿ ಮೇಲೆ ಬರುವುದು ಒಂದೇ. ಆ ಒಂದೇ ಇಡೀ ಬ್ಲೇಡನ್ನು ತುಂಬುತ್ತದೆ.

ಇದನ್ನು ಮಾಡಬಲ್ಲ ದೇಶಗಳನ್ನು ಕೈಬೆರಳಲ್ಲಿ ಎಣಿಸಬಹುದು. ಹೈದರಾಬಾದಿನ ಡಿಎಂಆರ್‌ಎಲ್ ಅನ್ನುವ ರಕ್ಷಣಾ ಲೋಹ ಪ್ರಯೋಗಾಲಯದವರು ಕಲಿತಿದ್ದಾರೆ. 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಒಂಟಿಹರಳು ಬ್ಲೇಡುಗಳನ್ನು ಎಚ್‌ಎಎಲ್‌ಗೆ ಕೊಟ್ಟರು. ಆ ಸುದ್ದಿ ಓದಿದ ದಿನ ನಾನು ನಮ್ಮ ಮನೆಯವರಿಗೆ ಹೇಳಿ ಪಾಯಸ ಮಾಡಿಸಿದೆ.

ಹೂಟಗಳ್ಳಿ ಸಿಎನ್‌ಸಿ | ಭಾನುವಾರ ಮಧ್ಯಾಹ್ನ 1:20

ತಂಗಿ, ನಾನು ಡಿಪ್ಲೊಮಾ. ಹೂಟಗಳ್ಳಿ ಕಡೆ ಶಾಪ್‌ಗಳಲ್ಲಿ ಹದಿನಾರು ವರ್ಷ ಮಷೀನ್ ಮೇಲೆ ನಿಂತಿದ್ದೇನೆ. ವಿಮಾನದ ಜಾಬ್ ಕೂಡ ಮಾಡಿದ್ದೇನೆ. ನಿಕ್ಕಲ್ ಮಿಶ್ರಲೋಹ ಬೇರೆಯದೇ ಜಾತಿ. ಸಾದಾ ಸ್ಟೀಲಿನ ಹಾಗೆ ಓಡಿಸಿದರೆ ಇನ್‌ಸರ್ಟ್ (ಟೂಲಿನ ಕತ್ತರಿಸುವ ತುದಿ) ಕಣ್ಣೆದುರೇ ಸವೆದುಹೋಗುತ್ತದೆ. ಟೂಲ್ ಒಂದು ಕ್ಷಣ ಸುಮ್ನೆ ಉಜ್ಜಿದರೂ ಅಲ್ಲಿ ಮೈ ಗಟ್ಟಿಯಾಗಿಬಿಡುತ್ತದೆ. ಮುಂದಿನ ಕಟ್ ಅಲ್ಲಿ ಜಾರುತ್ತದೆ. ಕತ್ತರಿಸಿದ ಬಿಸಿ ಚಿಪ್ ಜೊತೆ ಹೋಗುವುದಿಲ್ಲ, ಟೂಲಿಗೇ ಹತ್ತುತ್ತದೆ. ಶಬ್ದ ಕೇಳಿ ಕೈ ನಿಲ್ಲಿಸುವುದು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಆದರೆ ನಾನು ಹೇಳಬೇಕೆಂದಿದ್ದು ಬೇರೆ. ಹಿಂದೆ ನಾನಿದ್ದ ಒಂದು ಶಾಪ್‌ನಿಂದ ಕಳಿಸಿದ ಒಂದು ಲಾಟ್ ಪೂರ್ತಿ ವಾಪಸ್ ಬಂತು. ಅಳತೆ ಎಲ್ಲ ಸರಿ ಇತ್ತು. ಮೈಯಲ್ಲಿ ಒಂದು ಗೀರಿಲ್ಲ. ಭಾಗದ ಜೊತೆ ಹಂತಹಂತಕ್ಕೂ ಹೋಗುವ ರೂಟ್ ಕಾರ್ಡಿನ ಒಂದು ಹಂತದಲ್ಲಿ ಹೀಟ್ ನಂಬರ್, ಅಂದರೆ ಯಾವ ಸಲ ಕರಗಿಸಿದ ಲೋಹ ಅಂತ ಹೇಳುವ ನಂಬರ್, ಬರೆದಿರಲಿಲ್ಲ. ಅಷ್ಟೇ. ಬರೆಯಬೇಕಿದ್ದವನು ನಾನು. ಒಂದು ನಂಬರಿಗೆ ಇಷ್ಟು ಕೆಲಸ ಗುಜರಿಗೆ ಹಾಕುವುದಾ ಅಂತ ಆಗ ತುಂಬಾ ನೋವಾಯಿತು.

ಆಮೇಲೆ 2023ರಲ್ಲಿ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ನಿನ ಸುದ್ದಿ ಬಂತಲ್ಲ. ಬ್ಲೇಡು ಕೂರುವ ಡಿಸ್ಕ್ ಮಾಡುವ ಲೋಹದ ಪುಡಿಯಲ್ಲಿ ಕಲ್ಮಶ ಸೇರಿತ್ತು. ಲೋಕದ ತುಂಬ ನೂರಾರು ವಿಮಾನ ನೆಲಕ್ಕೆ ಇಳಿದವು, ನಮ್ಮ ಇಂಡಿಗೋದವೂ ನಿಂತವು. ಯಾವ ವರ್ಷಗಳ ಪುಡಿಯಿಂದ ಯಾವ ಡಿಸ್ಕ್ ಆಯಿತು, ಅದು ಈಗ ಯಾವ ವಿಮಾನದಲ್ಲಿದೆ ಅಂತ ಹುಡುಕಿ ಹಿಡಿದದ್ದು ಕಾಗದದಿಂದ. ಆ ನಂಬರ್ ಯಾಕೆ ಬೇಕು ಅಂತ ಅವತ್ತು ನನಗೆ ಅರ್ಥವಾಯಿತು. ಬರೆದಿಡುವುದೂ ಒಂದು ವಿದ್ಯೆ ತಂಗಿ. ಕಾಲೇಜಿನಲ್ಲಿ ಲ್ಯಾಬ್ ರೆಕಾರ್ಡ್ ಕಾಪಿ ಹೊಡೆಯಬೇಡ.

ವಿಜಯನಗರ ಎರಡನೇ ಹಂತ | ಭಾನುವಾರ ಸಂಜೆ 5:50

ಬೇಸರ ಮಾಡಿಕೊಳ್ಳಬೇಡಿ, ನಾನು ಒಬ್ಬ ತಂದೆಯಾಗಿ ಕೇಳುತ್ತಿದ್ದೇನೆ. ನನ್ನ ಮಗನೂ ಇದೇ ಆಸೆ ಇಟ್ಟುಕೊಂಡಿದ್ದ. ಎರಡು ಅನುಮಾನ. ಒಂದು, ಹೊರದೇಶದ ಎಂಜಿನ್ ನಮ್ಮ ಕೈಯಲ್ಲೇ ಇದೆ. ಬಿಚ್ಚಿ ನೋಡಿ ಹಾಗೇ ಮಾಡಬಾರದೇ? ಎರಡನೆಯದು, ಇದೆಲ್ಲ ದುಡ್ಡಿನ ಪ್ರಶ್ನೆ ತಾನೇ? ಸರ್ಕಾರ ದುಡ್ಡು ಸುರಿದರೆ ಆಗುವುದಿಲ್ಲವೇ?

ಕುವೆಂಪುನಗರ ನಿವೃತ್ತ | ಭಾನುವಾರ ರಾತ್ರಿ 9:30

ನೀವು ಕೇಳಿದ್ದು ಒಳ್ಳೆಯದಾಯಿತು. ಇದಕ್ಕೆ ಉತ್ತರ ಹೇಳಿದರೆ ಆ ಮಗುವಿನ ಎರಡನೇ ಪ್ರಶ್ನೆಗೂ ಹೇಳಿದ ಹಾಗಾಗುತ್ತದೆ.

ಬಿಚ್ಚಿ ನೋಡಿದರೆ ಆಕಾರ ಸಿಗುತ್ತದೆ. ಆಕಾರ ಆದ ದಾರಿ ಸಿಗುವುದಿಲ್ಲ. ಒಳ್ಳೆಯ ಮೈಸೂರು ಪಾಕ್ ಮುರಿದು ನೋಡಿದರೆ ಗೂಡುಗೂಡಾದ ಒಳಮೈ ಕಾಣುತ್ತದೆ. ತುಪ್ಪ ಎಷ್ಟು ಬಿಸಿ ಇದ್ದಾಗ ಹುಯ್ದರು, ಎಷ್ಟು ಸಲ ಹುಯ್ದರು, ಯಾವ ಗಳಿಗೆಯಲ್ಲಿ ಒಲೆಯಿಂದ ಇಳಿಸಿದರು ಅನ್ನುವುದು ಕಾಣುತ್ತದೆಯೇ? ಬ್ಲೇಡಿನ ಕುಲುಮೆಯೂ ಹಾಗೇ. ಚೀನಾ ದೇಶದವರ ಕೈಯಲ್ಲಿ ರಷ್ಯದ ಎಂಜಿನ್‌ಗಳು ಬೇಕಾದಷ್ಟಿದ್ದವು. ಆದರೂ ತಮ್ಮದೇ ಫೈಟರ್ ಎಂಜಿನ್ ನಂಬಿಕೆಗೆ ಬರುವ ಹೊತ್ತಿಗೆ ಅವರಿಗೆ ದಶಕಗಳೇ ಹಿಡಿದವು.

ಕಾವೇರಿಯ ಕತೆ ಹೀಗೆ. 1989ರಲ್ಲಿ ಒಪ್ಪಿಗೆ ಸಿಕ್ಕಿತು, 382 ಕೋಟಿ ಚಿಲ್ಲರೆ. ಬೆಂಗಳೂರಿನ ಜಿಟಿಆರ್‌ಇ, ಅಂದರೆ ಜೆಟ್ ಎಂಜಿನ್ನಿನ ಸರ್ಕಾರಿ ಸಂಶೋಧನಾಲಯದ ಹೊಣೆ. ಎಂಜಿನ್ನಿನ ನಡುಭಾಗಕ್ಕೆ ಕಬಿನಿ ಅಂತ ಹೆಸರಿಟ್ಟರು. ಹೊರಗಿನ ಭಾಗ ಸೇರಿದರೆ ಕಾವೇರಿ. ತಿರುಮಕೂಡಲಿನಲ್ಲಿ ಕಬಿನಿ ಕಾವೇರಿಗೆ ಸೇರುವ ಹಾಗೆ. ಆ ಹೆಸರು ಆರಿಸಿದವರಿಗೆ ಈ ನೆಲದ ಮೇಲೆ ಪ್ರೀತಿ ಇತ್ತು ಅಂತ ನಾನು ನಂಬಿದ್ದೇನೆ. ತೊಂಬತ್ತರ ದಶಕದ ನಡುವಿನಲ್ಲೇ ಅದು ನೆಲದ ಮೇಲೆ ಓಡಿತು. ಗುರಿ ಇದ್ದದ್ದು 81 ಕಿಲೋನ್ಯೂಟನ್ ನೂಕುಬಲ. ಸಿಕ್ಕಿದ್ದು 70ರ ಆಸುಪಾಸು. ತೂಕ ಅಂದುಕೊಂಡದ್ದಕ್ಕಿಂತ ನೂರು ಕಿಲೋಗೂ ಜಾಸ್ತಿ ಬಂತು. ಅಷ್ಟರಲ್ಲಿ ತೇಜಸ್ಸಿನ ತೂಕವೂ ಬೆಳೆದಿತ್ತು. 2008ರಲ್ಲಿ ಎರಡನ್ನೂ ಬೇರೆ ಮಾಡಿದರು. ತೇಜಸ್ ಇವತ್ತು ಹಾರುತ್ತಿರುವುದು ಜನರಲ್ ಎಲೆಕ್ಟ್ರಿಕ್‌ನ ಎಫ್404 ಎಂಜಿನ್ ಮೇಲೆ. (1902ರಲ್ಲಿ ನಿಮ್ಮ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಜನರೇಟರ್ ಕೊಟ್ಟದ್ದೂ ಜನರಲ್ ಎಲೆಕ್ಟ್ರಿಕ್ಕೇ. ಅದನ್ನು ನೆನೆದಾಗ ನನ್ನ ಮನಸ್ಸು ಭಾರವಾಗುತ್ತದೆ.)

ಎಲ್ಲಿ ಸಿಕ್ಕಿಕೊಂಡಿತು ಅಂದರೆ ಒಂದೇ ಜಾಗ ತೋರಿಸಲು ಆಗುವುದಿಲ್ಲ. ಬಿಸಿ ತಾಳುವ ಬ್ಲೇಡು ನಮ್ಮಲ್ಲಿ ಆಗ ಇರಲಿಲ್ಲ. ಬಿಸಿ ಕಡಿಮೆ ಮಾಡಿದರೆ ಬಲ ಕಡಿಮೆ. ಇನ್ನು ಪರೀಕ್ಷೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ತೆಳು ಗಾಳಿ, ಚಳಿ ನೆಲದ ಮೇಲೆ ಸಿಗಬೇಕಾದರೆ ಅದಕ್ಕೇ ಕಟ್ಟಿದ ದೊಡ್ಡ ಕೋಣೆ ಬೇಕು. ಅದು ನಮ್ಮಲ್ಲಿರಲಿಲ್ಲ, ರಷ್ಯಕ್ಕೆ ಹೋದರು. ಹಾರಿಸಿ ನೋಡಲೂ 2010ರಲ್ಲಿ ಅಲ್ಲಿಗೇ ಹೋಗಿ ಇಲ್ಯೂಷಿನ್-76 ವಿಮಾನಕ್ಕೆ ಕಟ್ಟಿದರು. ಒಂದು ಬ್ಲೇಡು ಮುರಿದರೆ, ಪೆಟ್ಟಿಗೆ ಕಟ್ಟಿ ಸಾಗಿಸಿ, ಅನುಮತಿಗೆ ಕಾದು, ಸರತಿಗೆ ಕಾದು ಮತ್ತೆ ಓಡಿಸಬೇಕು. ಬೇರೆಯವರು ತಿಂಗಳಲ್ಲಿ ಕಲಿಯುವ ಪಾಠ ನಮಗೆ ವರ್ಷ ಹಿಡಿಯುತ್ತದೆ.

ದುಡ್ಡು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ದುಡ್ಡಿದ್ದ ಬ್ರಿಟನ್ನಿನ ರೋಲ್ಸ್ ರಾಯ್ಸ್ ಏನಾಯಿತು ನೋಡಿ. ಆರ್‌ಬಿ211 ಅನ್ನುವ ಎಂಜಿನ್ನಿಗೆ ಕಾರ್ಬನ್ ನಾರಿನ ಫ್ಯಾನ್ ಬ್ಲೇಡು ಹಾಕಲು ಹೋದರು. ಹಕ್ಕಿ ಬಡಿಯುವ ಪರೀಕ್ಷೆಯಲ್ಲಿ ಅದು ತಾಳಲಿಲ್ಲ. ಖರ್ಚು ಮಿತಿಮೀರಿ 1971ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯಾಯಿತು, ಅಲ್ಲಿನ ಸರ್ಕಾರ ವಹಿಸಿಕೊಂಡಿತು. ಆಗ ಎಂಜಿನ್ ಉಳಿಸಿದ್ದು ಯಾರು ಗೊತ್ತೇ? ನಿವೃತ್ತರಾಗಿದ್ದ ಎಂಜಿನಿಯರ್ ಸ್ಟ್ಯಾನ್ಲಿ ಹೂಕರ್. ಅವರನ್ನು ಮತ್ತೆ ಕರೆತಂದರು. ಅವರು ತಮ್ಮ ಜೊತೆಯ ಹಳಬರನ್ನೂ ಕರೆತಂದರು. ಇವತ್ತಿನ ದೊಡ್ಡ ವಿಮಾನಗಳ ಟ್ರೆಂಟ್ ಎಂಜಿನ್‌ಗಳು ಆ ಆರ್‌ಬಿ211ರ ಮಕ್ಕಳೇ.

ನನ್ನ ನೋವೊಂದನ್ನು ಹೇಳಿ ಮುಗಿಸುತ್ತೇನೆ. ನಾನು ಕೆಲಸ ಮಾಡಿದ ಒಂದು ಕಡೆ ಒಂದು ಕಬ್ಬಿಣದ ಬೀರು ಇತ್ತು. ಅದರ ತುಂಬ ಪರೀಕ್ಷೆಯಲ್ಲಿ ಮುರಿದ, ಸುಟ್ಟ, ಬಿರಿದ ಬ್ಲೇಡುಗಳು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ ಯಾವ ದಿನ, ಎಷ್ಟು ಬಿಸಿ, ಎಷ್ಟು ಗಂಟೆ, ಎಲ್ಲಿ ಬಿರುಕು ಅಂತ ಬರೆದಿತ್ತು. ಹೊಸದಾಗಿ ಸೇರಿದವರನ್ನು ನಮ್ಮ ಹಿರಿಯರು ಮೊದಲು ಆ ಬೀರುವಿನ ಮುಂದೆ ಕೂರಿಸುತ್ತಿದ್ದರು. ವಿಭಾಗ ಬೇರೆ ಕಟ್ಟಡಕ್ಕೆ ಹೋದಾಗ ಯಾರೋ ಅದನ್ನು ಕಸ ಅಂತ ಗುಜರಿಗೆ ಹಾಕಿದರು. ನಾನು ರಜೆಯಲ್ಲಿದ್ದೆ. ನನಗೆ ಈಗಲೂ ಆ ಬೀರು ಕನಸಿನಲ್ಲಿ ಬರುತ್ತದೆ. ದುಡ್ಡು ಕೊಟ್ಟು ಹೊಸ ಕುಲುಮೆ ತರಬಹುದು. ಆ ಬೀರುವನ್ನು ಯಾವ ದೇಶವೂ ಮಾರುವುದಿಲ್ಲ.

ಗೋಕುಲಂ ಕಂಪನ | ಸೋಮವಾರ ರಾತ್ರಿ 8:15

ಸರ್, ಓದಿ ಕಣ್ಣು ತುಂಬಿತು. ನಾನು ಬೆಂಗಳೂರಿನಲ್ಲಿ ಹೊರದೇಶದ ಎಂಜಿನ್‌ಗಳ ಲೆಕ್ಕಾಚಾರ ಮಾಡುವ ಕಂಪನಿಯಲ್ಲಿದ್ದೇನೆ. ವಾರಕ್ಕೊಮ್ಮೆ ಮೈಸೂರಿಗೆ ಬರುತ್ತೇನೆ. ವಿಜಯನಗರದವರಿಗೆ ಹೇಳಬೇಕು ಅನ್ನಿಸಿತು: ಕೆಲಸ ಇಲ್ಲದೇ ಇಲ್ಲ. ಬೆಂಗಳೂರಿನಲ್ಲಿ ಸಾವಿರಾರು ಜನ ಎಂಜಿನ್ ಲೆಕ್ಕ ಮಾಡುತ್ತಿದ್ದೇವೆ.

ನನ್ನ ಕೆಲಸ ಬ್ಲೇಡಿನ ನಡುಕ. ಉಯ್ಯಾಲೆಯನ್ನು ಅದರ ಹದಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಮಗು ತಳ್ಳಿದರೂ ಎತ್ತರಕ್ಕೆ ಹೋಗುತ್ತದೆ. ಎಂಜಿನ್ ಸುತ್ತುವ ವೇಗ ಬ್ಲೇಡಿನ ಸ್ವಂತ ಹದಕ್ಕೆ ಕೂಡಿಬಂದರೆ ಅದೇ ಆಗುತ್ತದೆ, ಬ್ಲೇಡು ಬೇಗ ಮುರಿಯುತ್ತದೆ. ಎಲ್ಲೆಲ್ಲಿ ಕೂಡಿಬರುತ್ತದೆ ಅಂತ ಮೊದಲೇ ಗೆರೆ ಎಳೆದು ನೋಡುತ್ತೇವೆ. ಹಾಗೆಯೇ ಕಂಪ್ರೆಸರಿನಲ್ಲಿ ಗಾಳಿ ತಿರುಗಿ ಮುಂದಕ್ಕೆ ಉಗುಳದಂತೆ ನೋಡಿಕೊಳ್ಳುವವರು ಇದ್ದಾರೆ. ಆಷಾಢದ ಗಾಳಿಯಲ್ಲಿ ದೀಪ ಆರದಂತೆ ಹಿಡಿಯುವ ಹಾಗೆ ಉರಿಯುವ ಕೋಣೆಯಲ್ಲಿ ಜ್ವಾಲೆ ಕಾಯುವವರಿದ್ದಾರೆ. ಇಂಧನ ಎಷ್ಟು ಬಿಡಬೇಕು ಅಂತ ಗಳಿಗೆ ಗಳಿಗೆಗೂ ತೀರ್ಮಾನಿಸುವ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯುವವರಿದ್ದಾರೆ. ವಿಜಯನಗರದ ಸರ್, ನಿಮ್ಮ ಮಗ ಸಾಫ್ಟ್‌ವೇರ್ ಓದಿದ್ದರೂ ಅವನಿಗೆ ಇಲ್ಲಿ ಜಾಗ ಇದೆ.

ಕೊರತೆ ಒಂದೇ. ನಮಗೆ ಒಂದು ತುಂಡು ಕಾಣುತ್ತದೆ, ಇಡೀ ಎಂಜಿನ್ ಕಾಣುವುದಿಲ್ಲ. ನನ್ನ ಲೆಕ್ಕ ಸರಿಯಾಯಿತೇ ಅಂತ ಪರೀಕ್ಷೆಯ ದಿನ ನಿಂತು ನೋಡುವ ಭಾಗ್ಯ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಲ್ಲ. 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ಫ್ರಾನ್ಸಿನ ಸಾಫ್ರಾನ್ ಕಂಪನಿ ಜೊತೆ ಸೇರಿ ಇಲ್ಲೇ ಎಂಜಿನ್ ಮಾಡುತ್ತೇವೆ ಅಂದಾಗ ನಮ್ಮ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ: ಪರೀಕ್ಷೆ ಎಲ್ಲಿ? ಇಲ್ಲೇ ಆದರೆ ಸಂಬಳ ಕಡಿಮೆಯಾದರೂ ಹೋಗುತ್ತೇನೆ ಅಂತ ನಾಲ್ಕು ಜನ ಹೇಳಿದರು. ನಾನೂ ಅದರಲ್ಲಿ ಒಬ್ಬಳು.

ಮದ್ದೂರು ಮೆಕ್ಯಾನಿಕಲ್ | ಮಂಗಳವಾರ ರಾತ್ರಿ 10:00

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊಪ್ಪರಿಗೆಯ ಮಾತು ಓದಿ ನಿನ್ನೆ ಆಲೆಮನೆಗೆ ಹೋಗಿ ಒಂದು ಗಂಟೆ ನಿಂತಿದ್ದೆ. ದೊಡ್ಡಪ್ಪನಿಗೂ ಓದಿ ಹೇಳಿದೆ. ಸರ್, ನಾನು ಎಂ.ಟೆಕ್ ಮಾಡಿದರೆ ಯಾವುದರಲ್ಲಿ ಮಾಡಲಿ? ನನಗೆ ಬ್ಲೇಡಿನ ಲೋಹದ ಕಡೆಯೇ ಮನಸ್ಸು ಹೋಗುತ್ತಿದೆ.

ಕುವೆಂಪುನಗರ ನಿವೃತ್ತ | ಮಂಗಳವಾರ ರಾತ್ರಿ 10:40

ಮನಸ್ಸು ಹೋದ ಕಡೆಗೇ ಹೋಗಮ್ಮಾ. ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಗೆ ಈಗಿನಿಂದಲೇ ಓದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತುಗಳ ವಿಭಾಗ ಚೆನ್ನಾಗಿದೆ. ಸೇರಿದಮೇಲೆ ಎರಡು ವರ್ಷಕ್ಕೆ ಬೇಸರವಾಗಿ ಬಿಡಬೇಡ. ಮೊದಲ ಐದು ವರ್ಷ ನೀನು ಬರೀ ಕೆಟ್ಟ ಬ್ಲೇಡು ನೋಡುತ್ತೀಯ.

ನಾಗಮಂಗಲ ಎರಕದ ಮನೆ | ಬುಧವಾರ ಬೆಳಿಗ್ಗೆ 6:15

ತಾಯಿ, ಭಾನುವಾರ ನಮ್ಮಲ್ಲಿ ಎರಕ ಹುಯ್ಯುತ್ತೇವೆ. ಅಪ್ಪನನ್ನು ಕರೆದುಕೊಂಡು ಬಾ. ಯಜಮಾನರೇ, ನೀವೂ ಬರಬೇಕು. ಊಟ ನಮ್ಮ ಮನೆಯಲ್ಲೇ.

ಮದ್ದೂರು ಮೆಕ್ಯಾನಿಕಲ್ | ಭಾನುವಾರ ರಾತ್ರಿ 9:20

ಹೋಗಿ ಬಂದೆವು. ಅಪ್ಪನೂ ಬಂದಿದ್ದರು. ಮೂರು ಅಚ್ಚು ಒಡೆದರು. ಎರಡು ಚೆನ್ನಾಗಿ ಬಂದಿದ್ದವು. ಮೂರನೆಯದರ ಪ್ರಭಾವಳಿಯ ಹತ್ತಿರ ಒಂದು ಗುಳ್ಳೆ. ಹೊರಗಿನಿಂದ ಸಾಸಿವೆ ಕಾಳಿನಷ್ಟು. ಎರಕದ ಮನೆಯ ಅಣ್ಣ ಅದನ್ನು ಗರಗಸದಲ್ಲಿ ಕೊಯ್ದು ತೋರಿಸಿದರು. ಒಳಗೆ ಹೆಸರುಕಾಳಿನಷ್ಟಿತ್ತು. ಅಚ್ಚು ಸರಿಯಾಗಿ ಕಾಯುವ ಮೊದಲೇ ಹುಯ್ದುಬಿಟ್ಟೆವು ಅಂದರು. ಮತ್ತೆ ಕರಗಿಸಲು ಹಾಕುವ ಮೊದಲು ಆ ತುಂಡನ್ನು ನಾನು ಕೇಳಿ ತಂದಿದ್ದೇನೆ. ದಾರದಲ್ಲಿ ಚೀಟಿ ಕಟ್ಟಿ ತಾರೀಖು, ಕಾರಣ ಬರೆದಿಟ್ಟಿದ್ದೇನೆ.

ಸರ್, ಇಂಥ ಗುಳ್ಳೆ ಬ್ಲೇಡಿನಲ್ಲಿ ಬಂದರೆ ಎಕ್ಸ್‌ರೇಯಲ್ಲಿ ಕಾಣುತ್ತದೆಯೇ?

ಕುವೆಂಪುನಗರ ನಿವೃತ್ತ | ಭಾನುವಾರ ರಾತ್ರಿ 9:55

ಇಷ್ಟು ದೊಡ್ಡದಾದರೆ ಕಾಣುತ್ತದೆ. ತೀರ ಸಣ್ಣವು ಕಾಣುವುದಿಲ್ಲ. ಅದಕ್ಕೇ ಎರಕ ಆದಮೇಲೆ ತುಂಬಾ ಬಿಸಿಯಲ್ಲಿ, ಸುತ್ತಲಿಂದ ಆರ್ಗಾನ್ ಅನಿಲದ ಒತ್ತಡ ಕೊಟ್ಟು ಒಳಗಿನ ಗುಳ್ಳೆಗಳನ್ನು ಮುಚ್ಚಿಸುವ ಪದ್ಧತಿ ಇದೆ. ಆದರೆ ಹೊರಮೈಗೆ ಬಾಯಿ ತೆರೆದ ಗುಳ್ಳೆ ಅದರಿಂದ ಮುಚ್ಚುವುದಿಲ್ಲ. ನಿನ್ನ ಹತ್ತಿರ ಇರುವುದು ಆ ಜಾತಿಯದು. ಯಾಕೆ ಮುಚ್ಚುವುದಿಲ್ಲ ಅಂತ ಯೋಚಿಸಿ ಬರಿ, ನಾಳೆ ನೋಡುತ್ತೇನೆ.